ಹೆಸರೆಂಬ ನಿಕ್ಷೇಪ

ಹಣವನ್ನು ನೆಲದಲ್ಲಿ ಹೂಳಿಡುತ್ತಿದ್ದ ಕಾಲದಲ್ಲಿ ಹಣದ ಗುಟ್ಟೂ ನೆಲದಲ್ಲಿಯೇ ಇರುತ್ತಿತ್ತು. ಹೂಳಿದವನಿಗೂ ಭೂಮಿತಾಯಿಗೂ ಹೊರತು ಮೂರನೆಯವರಿಗೆ ಅದರ ಸುಳಿವಿರುತ್ತಿರಲಿಲ್ಲ. ಆದರೆ ಆ ಪದ್ಧತಿಯಲ್ಲಿ ಬಡ್ಡಿ ಹುಟ್ಟುತ್ತಿರಲಿಲ್ಲ. ಹೂಳಿದವನು ಹೇಳದೆ ಕಣ್ಮುಚ್ಚಿದರೆ ಮಕ್ಕಳ ಪಾಲಿಗೆ ಅಸಲೂ ಇಲ್ಲವಾಗುತ್ತಿತ್ತು. ಆದುದರಿಂದ ಮನುಷ್ಯನು ತನ್ನ ಹಣವನ್ನು ಮತ್ತೊಬ್ಬ ಮನುಷ್ಯನ ಕೈಯಲ್ಲಿಡುವುದನ್ನು ಕಲಿತನು. ಹಾಗೆ ಇಡುವಾಗ ತಾನು ಒಂದನ್ನಲ್ಲ, ಎರಡನ್ನು ಇಡುತ್ತಿರುವೆನೆಂಬುದು ಮಾತ್ರ ಬಹುಕಾಲ ಅವನ ಲಕ್ಷ್ಯಕ್ಕೆ ಬಂದಂತೆ ತೋರುವುದಿಲ್ಲ. ಮೊದಲನೆಯದು ಹಣ, ಎರಡನೆಯದು ಮನೆಯ ಸುದ್ದಿ. ಯಾರ ಹೆಸರಿನಲ್ಲಿ ಎಷ್ಟಿದೆ, ಯಾರಿಗೆ ಎಷ್ಟು ಸಾಲವಿದೆ, ಯಾವ ಒಡವೆ ಯಾವ ಅಡಚಣೆಗಾಗಿ ಮನೆಯ ಹೊಸ್ತಿಲು ದಾಟಿತು ಎಂಬಿವೆಲ್ಲವೂ ಹಣದ ಬೆನ್ನುಹತ್ತಿ ಲೆಕ್ಕದ ಪುಸ್ತಕವನ್ನು ಸೇರುತ್ತವೆ. ಮೊದಲನೆಯದಕ್ಕೆ ರಶೀದಿ ದೊರೆಯುತ್ತದೆ, ಎರಡನೆಯದಕ್ಕೆ ರಶೀದಿಯಿಲ್ಲ.

ಕರ್ನಾಟಕದ ಜನರಿಗೆ ಇದು ಅಪರಿಚಿತವಾದ ಸಂಗತಿಯಾಗಬೇಕಾದ ಕಾರಣವಿಲ್ಲ. ೧೯೦೪ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಹುಟ್ಟಿದ ಮರುವರ್ಷವೇ, ಎಂದರೆ ೧೯೦೫ರಲ್ಲಿ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಭರತಖಂಡದ ಮೊದಮೊದಲಿನ ಕೃಷಿ ಪತ್ತಿನ ಸಹಕಾರಿ ಸಂಘಗಳಲ್ಲಿ ಒಂದನ್ನು ಕಟ್ಟಿದರು. ಅಂಥ ಸಂಘಗಳಿಗೆ ಆಧಾರವಾದದ್ದು ನೆರೆಹೊರೆಯ ಪರಿಚಯ. ಸಾಲ ಕೇಳುವವನ ನಡತೆಯೇನು, ದುಡಿಮೆಯೇನು, ಕೊಟ್ಟ ಮಾತಿಗೆ ನಿಲ್ಲುವವನೇ ಅಲ್ಲವೇ ಎಂಬುದನ್ನು ಊರವರು ಬಲ್ಲರು; ಆ ತಿಳಿವಳಿಕೆಯೇ ಅಡಮಾನದ ಸ್ಥಾನದಲ್ಲಿ ನಿಲ್ಲುತ್ತಿತ್ತು. ‘ಪತ್ತು’ ಎಂಬ ಮಾತಿಗಾದರೂ ಇದೇ ಅರ್ಥ: ಜನರಲ್ಲಿ ಒಬ್ಬನ ಹೆಸರಿಗಿರುವ ಬೆಲೆ. ಆದರೆ ಒಬ್ಬನ ನಡತೆಯನ್ನು ಊರು ಬಲ್ಲುದಾಗಿರುವುದು ಒಂದು. ಅವನ ಖಾತೆಯ ಹಾಳೆಯನ್ನು ಊರು ಓದುವುದು ಇನ್ನೊಂದು. ಮೊದಲನೆಯದರಿಂದ ಪತ್ತು ಬೆಳೆಯುತ್ತದೆ, ಎರಡನೆಯದರಿಂದ ಕೆಡುತ್ತದೆ. ಈ ಭೇದವನ್ನು ಹಳೆಯ ಸಂಘಗಳ ಹಿರಿಯರು ಬರೆದಿಡದೆಯೇ ಬಲ್ಲವರಾಗಿದ್ದರು.

ಅಂಥವರ ಪರಂಪರೆಗೆ ಸೇರಿದವರೊಬ್ಬರು ಉತ್ತರ ಕರ್ನಾಟಕದ ಒಂದು ತಾಲೂಕು ಪೇಟೆಯ ಪತ್ತಿನ ಸಂಘದಲ್ಲಿ ಕಾರ್ಯದರ್ಶಿಗಳಾಗಿದ್ದರು. ಸಂಘವು ಸಣ್ಣದು, ನೌಕರರು ಆರು ಮಂದಿ. ಕಾರ್ಯದರ್ಶಿಗಳು ಗುಮಾಸ್ತೆಯಾಗಿ ಸೇರಿ ಮೂವತ್ತು ವರುಷಗಳಿಗೂ ಮೇಲ್ಪಟ್ಟು ಅಲ್ಲಿಯೇ ದುಡಿದವರು. ಮನೆಗೆ ಹೋದ ಮೇಲೆ ಸಂಘದ ಮಾತನ್ನು ಹೆಂಡತಿಯ ಮುಂದೆಯೂ ಎತ್ತಿದವರಲ್ಲ. ಯಾರಾದರೂ ಚಹದಂಗಡಿಯಲ್ಲಿ, “ಇಂಥವರ ಸಾಲ ಎಷ್ಟಾಗಿದೆ?” ಎಂದು ಕೇಳಿದರೆ, “ಮಳೆ ಯಾವಾಗ ಬಂದೀತು?” ಎಂದು ಮರುಪ್ರಶ್ನೆ ಹಾಕುವರೆಂದು ಅವರ ಹೆಸರು ಪೇಟೆಯಲ್ಲೆಲ್ಲ ಹಬ್ಬಿತ್ತು.

ಸಂಘದ ಒಳಕೋಣೆಯಲ್ಲಿ ಒಂದು ಕಬ್ಬಿಣದ ತಿಜೋರಿ. ಅದಕ್ಕೆ ಎರಡು ಕೀಲಿಕೈಗಳು; ಒಂದು ಕಾರ್ಯದರ್ಶಿಗಳ ಬಳಿ, ಇನ್ನೊಂದು ಖಜಾಂಚಿಯ ಬಳಿ. ಇಬ್ಬರೂ ಕೂಡಿ ನಿಂತ ಹೊರತು ಬಾಗಿಲು ತೆರೆಯುವಂತಿಲ್ಲ. ಹೊಸದಾಗಿ ಸೇರಿದ ಹುಡುಗನೊಬ್ಬನು ಒಮ್ಮೆ, “ಒಬ್ಬರ ಮೇಲೊಬ್ಬರಿಗೆ ನಂಬಿಕೆಯಿಲ್ಲವೇ?” ಎಂದು ಕೇಳಲಾಗಿ ಅವರು ಕೊಟ್ಟ ಉತ್ತರವು ಸ್ಮರಣೀಯವಾದುದು: “ನಂಬಿಕೆಯಿದೆ. ಅದು ಕೆಡದಿರಲಿ ಎಂದೇ ಎರಡು ಕೀಲಿ.”

ಇಷ್ಟು ವಿವೇಕವುಳ್ಳ ಮನುಷ್ಯರ ಕಛೇರಿಗೆ ಕಾಲಕ್ರಮದಲ್ಲಿ ಕಂಪ್ಯೂಟರು ಬಂದಿತು. ಖಾತೆಗಳೆಲ್ಲ ಅದರೊಳಗೆ ಸೇರಿದುವು. ಅದನ್ನು ತೆರೆಯುವುದಕ್ಕೊಂದು ಗುಪ್ತಪದ, ಎಂದರೆ ಪಾಸ್‌ವರ್ಡು, ಬೇಕು. ಸಂಘದಲ್ಲಿ ಆರು ಮಂದಿಗೂ ಇದ್ದ ಪಾಸ್‌ವರ್ಡು ಒಂದೇ; ಅದು ಸಂಘದ ಹೆಸರೂ ಸ್ಥಾಪನೆಯ ವರ್ಷವೂ ಕೂಡಿದ ಪದ; ಮರೆತುಹೋಗದಿರಲೆಂದು ಚೀಟಿಯಲ್ಲಿ ಬರೆದು ಮೇಜಿನ ಗಾಜಿನಡಿಯಲ್ಲಿ ಇರಿಸಲಾಗಿತ್ತು. ಸದಸ್ಯರ ಆಧಾರ್ ಚೀಟಿಯ ಚಿತ್ರಗಳು ನೌಕರರ ಕೈಫೋನುಗಳಲ್ಲಿ ಓಡಾಡುತ್ತಿದ್ದುವು. ಬೆಲೆಯುಳ್ಳ ವಸ್ತುವೆಂದರೆ ತಿಜೋರಿಯಲ್ಲಿರತಕ್ಕದ್ದು ಎಂದು ಮೂವತ್ತು ವರುಷಗಳಿಂದ ಒಗ್ಗಿದ ಕಣ್ಣಿಗೆ, ಪರದೆಯ ಮೇಲೆ ಮಿನುಗುವ ಅಕ್ಷರಗಳೂ ಬೆಲೆಯುಳ್ಳವೆಂದು ತೋರಲಿಲ್ಲ. ಎರಡು ಕೀಲಿಗಳ ತತ್ತ್ವವನ್ನು ಅಷ್ಟು ಚೆನ್ನಾಗಿ ಬಲ್ಲವರೇ ಅದನ್ನು ಒಳಕೋಣೆಯಿಂದ ಹೊರಕೋಣೆಗೆ ತರುವುದನ್ನು ಮರೆತರು.

ಅಷ್ಟರಲ್ಲಿ ದೇಶದಲ್ಲಿ ಕೆಲವು ಸಂಗತಿಗಳು ನಡೆದಿದ್ದುವು. ೨೦೧೮ರ ಆಗಸ್ಟಿನಲ್ಲಿ ಪುಣೆಯ ಒಂದು ಹಳೆಯ ಸಹಕಾರಿ ಬ್ಯಾಂಕಿನ ಯಂತ್ರವ್ಯವಸ್ಥೆಯೊಳಗೆ ಕಳ್ಳರು ನುಸುಳಿ, ಸುಳ್ಳು ಕಾರ್ಡುಗಳ ಮುಖಾಂತರ ೨೮ ದೇಶಗಳಲ್ಲಿ ಹಣ ತೆಗೆಯಿಸಿದರು. ಎರಡು ದಿನಗಳ ಕಾರ್ಯದಲ್ಲಿ ಒಟ್ಟು ಸುಮಾರು ೯೪ ಕೋಟಿ ರೂಪಾಯಿ ಹೋಯಿತು. ತಿಜೋರಿಯ ಕೀಲಿಯನ್ನು ಯಾರೂ ಮುರಿಯಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ರಿಜರ್ವ್ ಬ್ಯಾಂಕು ಪಟ್ಟಣ ಸಹಕಾರಿ ಬ್ಯಾಂಕುಗಳಿಗೆಲ್ಲ ಕನಿಷ್ಠ ರಕ್ಷಣೋಪಾಯಗಳನ್ನು ವಿಧಿಸಿತು; ೨೦೧೯ರ ಡಿಸೆಂಬರ್ ೩೧ರಂದು ಅವನ್ನು ವಿಸ್ತರಿಸಿ ನಾಲ್ಕು ಮೆಟ್ಟಿಲುಗಳಾಗಿ ಹಂಚಿತು. ಬರಿಯ ಲೆಕ್ಕವನ್ನಿಡುವ ಸಣ್ಣ ಬ್ಯಾಂಕಿಗೆ ಮೊದಲನೆಯ ಮೆಟ್ಟಿಲು. ಅಂತರ್ಜಾಲದ ಮುಖಾಂತರ ಹಣ ಸಾಗಿಸುವವರಿಗೂ ತಮ್ಮದೇ ಯಂತ್ರಜಾಲವುಳ್ಳವರಿಗೂ ಮೇಲಿನವು. ೨೦೨೨ರ ಏಪ್ರಿಲಿನಲ್ಲಿ ಕೇಂದ್ರ ಸರಕಾರದ ಸರ್ಟ್-ಇನ್ ಎಂಬ ಸಂಸ್ಥೆಯು, ಇಂಥ ಆಕ್ರಮಣ ನಡೆದುದು ತಿಳಿದ ಆರು ಗಂಟೆಗಳೊಳಗಾಗಿ ತನಗೆ ವರದಿ ಮಾಡಬೇಕೆಂದೂ ಯಂತ್ರಗಳ ದಿನಚರಿಯನ್ನು ೧೮೦ ದಿನ ಕಾಯ್ದಿರಿಸಬೇಕೆಂದೂ ವಿಧಿಸಿತು. ೨೦೨೩ರ ಆಗಸ್ಟ್ ೧೧ರಂದು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಗೆ ರಾಷ್ಟ್ರಪತಿಗಳ ಅಂಕಿತವಾಯಿತು. ರಿಜರ್ವ್ ಬ್ಯಾಂಕಿನ ವಿಧಿಗಳು ಬ್ಯಾಂಕುಗಳಿಗಾದರೆ, ಈ ಕಾಯಿದೆಯು ಜನರ ವಿವರಗಳನ್ನು ಯಂತ್ರದಲ್ಲಿ ಹಿಡಿದಿಡುವ ಸಕಲರಿಗೂ. ಪತ್ತಿನ ಸಂಘಗಳೂ ಅದಕ್ಕೆ ಹೊರತಲ್ಲ.

ಈ ಕಾರಣದಿಂದ ಸಂಘದ ಆಡಳಿತ ಮಂಡಳಿಯವರು ಪಟ್ಟಣದಿಂದ ಒಬ್ಬ ತಜ್ಞರನ್ನು ಕರೆಯಿಸಿದರು. ಅವರು ನಲವತ್ತು ಪ್ರಶ್ನೆಗಳ ಒಂದು ಪಟ್ಟಿಯನ್ನು ಕಾರ್ಯದರ್ಶಿಗಳ ಕೈಯಲ್ಲಿಟ್ಟು ಹೋದರು. ಪ್ರತಿಯೊಬ್ಬ ನೌಕರನಿಗೂ ಬೇರೆ ಬೇರೆ ಪಾಸ್‌ವರ್ಡು ಉಂಟೇ? ಯಾರು ಯಾವ ಹೊತ್ತಿನಲ್ಲಿ ಯಾವ ಖಾತೆಯನ್ನು ತೆರೆದರೆಂಬ ದಾಖಲೆಯಿದೆಯೇ? ಲೆಕ್ಕದ ಇನ್ನೊಂದು ಪ್ರತಿಯನ್ನು ಬೇರೆ ಕಟ್ಟಡದಲ್ಲಿ ಇರಿಸಿದೆಯೇ? ಬಳಕೆ ತೀರಿದ ಕಾಗದಪತ್ರಗಳನ್ನು ನಾಶಪಡಿಸುವ ಕ್ರಮವಿದೆಯೇ? ಕಾರ್ಯದರ್ಶಿಗಳಿಗೆ ಇದನ್ನು ಓದಿ ಅಪಮಾನವಾದಂತಾಯಿತು. ಮೂವತ್ತು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಬಾಳಿದ ತಮ್ಮನ್ನು, ನಿನ್ನೆ ಹುಟ್ಟಿದ ಕಾಗದವೊಂದು ‘ನೀನು ಗುಟ್ಟು ಕಾಯಬಲ್ಲೆಯಾ?’ ಎಂದು ಕೇಳುತ್ತಿದೆಯಲ್ಲ! ಅವರು ಒಂದೇ ಕೂತದಲ್ಲಿ ನಲವತ್ತು ಪ್ರಶ್ನೆಗಳಿಗೂ ‘ಹೌದು’ ಎಂದು ಬರೆದು ಮೊಹರು ಒತ್ತಿ ಕಳುಹಿಸಿಬಿಟ್ಟರು. ಅದರಲ್ಲಿ ವಂಚನೆಯ ಉದ್ದೇಶವಿರಲಿಲ್ಲ. ಹದಿನೈದು ದಿವಸಗಳಲ್ಲಿ ಒಂದು ಪ್ರಮಾಣಪತ್ರ ಬಂದಿತು. ಅದಕ್ಕೆ ಚೌಕಟ್ಟು ಹಾಕಿಸಿ, ಸಂಸ್ಥಾಪಕರ ಭಾವಚಿತ್ರದ ಪಕ್ಕದಲ್ಲಿ ಗೋಡೆಗೆ ತೂಗುಹಾಕಿದರು.

ಆ ವರ್ಷದ ದೀಪಾವಳಿಗೆ ಮುಂಚೆ ಕಛೇರಿಯನ್ನು ಸಾರಿಸಿ ಗುಡಿಸುವ ವಾಡಿಕೆಯಂತೆ ಅಟ್ಟದ ಮೇಲಿದ್ದ ಹಳೆಯ ಕಾಗದಗಳನ್ನು ಇಳಿಸಿ, ರದ್ದಿಯವನಿಗೆ ಕಿಲೋ ಲೆಕ್ಕದಲ್ಲಿ ತೂಗಿ ಕೊಟ್ಟರು. ಬಂದ ಹಣಕ್ಕೆ ಸರಿಯಾದ ರಶೀದಿಯೂ ಆಯಿತು. ರದ್ದಿಯವನಿಂದ ಆ ಕಾಗದ ಬಸ್ಸು ನಿಲ್ದಾಣದ ಶೇಂಗಾ ಮಾರುವವನಿಗೆ ಹೋಯಿತು. ಇದರಲ್ಲಿ ಅಸಾಧಾರಣವಾದುದೇನೂ ಇಲ್ಲ; ಎಷ್ಟೋ ಕಛೇರಿಗಳ ಕಾಗದಗಳು ಈ ಹಾದಿಯಿಂದಲೇ ಪೊಟ್ಟಣವಾಗುತ್ತವೆ.

ಕೆಲವು ದಿನಗಳ ಮೇಲೆ ಮಧ್ಯವಯಸ್ಸಿನ ಒಬ್ಬ ಹೆಣ್ಣುಮಗಳು ಸಂಘಕ್ಕೆ ಬಂದಳು. ಎರಡು ವರುಷಗಳ ಹಿಂದೆ ಆಕೆ ತನ್ನ ನಾಲ್ಕು ಬಳೆಗಳನ್ನು ಅಡವಿಟ್ಟು ಸಾಲ ಪಡೆದಿದ್ದಳು. ಮಗಳಿಗೆ ದಾದಿಯರ ಶಾಲೆಯಲ್ಲಿ ಓದುವ ಆಸೆ. ಮನೆಯ ಹಿರಿಯರಿಗೆ ಅದು ಸಮ್ಮತವಲ್ಲ. ಶುಲ್ಕವನ್ನು ಧರ್ಮಾರ್ಥ ನಿಧಿಯೊಂದು ಕೊಡುತ್ತಿರುವುದೆಂದು ಹೇಳಿ, ಆಕೆ ಹೊಲಿಗೆಯ ಸಂಪಾದನೆಯಿಂದ ತಿಂಗಳು ತಿಂಗಳು ಬಡ್ಡಿ ತೀರಿಸುತ್ತಿದ್ದಳು. ಬಳೆಗಳ ಸ್ಥಾನದಲ್ಲಿ ಕೈಯಲ್ಲಿ ಲೇಪದ ಬಳೆಗಳಿದ್ದುವು. ಎರಡು ವರುಷ ಯಾರೂ ಗುರುತಿಸಲಿಲ್ಲ. ಈಗ ಮೈದುನನು ಬಸ್ಸಿಗಾಗಿ ಕಾಯುತ್ತ ಕೊಂಡ ಶೇಂಗಾದ ಪೊಟ್ಟಣವನ್ನು ಬಿಚ್ಚಿದಾಗ ಅತ್ತಿಗೆಯ ಭಾವಚಿತ್ರವೇ ಕಾಣಿಸಿತು. ಕೆಳಗೆ ಹೆಸರು, ಮನೆಯ ವಿಳಾಸ, ಆಧಾರಿನ ಹನ್ನೆರಡು ಅಂಕಿಗಳು, ಬಳೆಗಳ ತೂಕ, ‘ಸಾಲದ ಉದ್ದೇಶ: ಮಗಳ ವಿದ್ಯಾಭ್ಯಾಸ’ ಎಂಬ ಬರಹ, ಮತ್ತು ಸಂಘದ ದುಂಡು ಮೊಹರು.

ಆಕೆ ಕೂಗಾಡಲಿಲ್ಲ. ತವರಿನಿಂದ ತಂದ ಹಣವನ್ನು ಎಣಿಸಿಟ್ಟು ಸಾಲ ತೀರಿಸಿದಳು. ಕಾರ್ಯದರ್ಶಿಗಳೂ ಖಜಾಂಚಿಯೂ ಕೂಡಿ ಎರಡು ಕೀಲಿಗಳನ್ನು ತಿರುವಿ, ಬಟ್ಟೆಯ ಗಂಟನ್ನು ತಂದು ಆಕೆಯ ಮುಂದೆಯೇ ತೂಗಿ ಒಪ್ಪಿಸಿದರು. ಕೂದಲೆಳೆಯಷ್ಟೂ ಹೆಚ್ಚುಕಡಮೆ ಇರಲಿಲ್ಲ. ಆಗ ಆಕೆ, “ಬಳೆ ಹಾಗೆಯೇ ಇವೆ. ಅವುಗಳ ಸಂಗಡ ಒಂದು ಮಾತನ್ನೂ ನಿಮ್ಮಲ್ಲಿ ಇಟ್ಟಿದ್ದೆ. ಅದನ್ನು ನೀವು ಕಾಯಲಿಲ್ಲ,” ಎಂದು ಹೇಳಿ, ಉಳಿತಾಯದ ಖಾತೆಯನ್ನೂ ಮುಗಿಸಿಕೊಂಡು ಹೊರಟುಹೋದಳು. ಆ ವರುಷ ಹುಡುಗಿಯ ಓದು ನಿಂತಿತೆಂಬುದು ಕಾರ್ಯದರ್ಶಿಗಳಿಗೆ ತರುವಾಯ ತಿಳಿಯಿತು.

ಅಂದು ಸಂಜೆ ಎಲ್ಲರೂ ಹೋದ ಮೇಲೆ ಅವರು ಪ್ರಶ್ನಾವಳಿಯ ನಕಲನ್ನು ಕಪಾಟಿನಿಂದ ತೆಗೆದು ಓದಿದರು. ‘ಬಳಕೆ ತೀರಿದ ಕಾಗದಪತ್ರಗಳನ್ನು ನಾಶಪಡಿಸುವ ಕ್ರಮವಿದೆಯೇ?’ ಅದರ ಮುಂದೆ ತಮ್ಮದೇ ದುಂಡಾದ ಅಕ್ಷರಗಳಲ್ಲಿ ‘ಹೌದು’.

ಕೊಟ್ಟ ವಸ್ತುವನ್ನು ಕಾಯುವ ಧರ್ಮವು ಈ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ಬರೆದ ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ‘ಉಪನಿಧಿ’ಯ ಪ್ರಕರಣವೇ ಒಂದಿದೆ. ಒಳಗಿರುವುದೇನೆಂದು ಹೇಳದೆ ಪೆಟ್ಟಿಗೆಯಲ್ಲಿಟ್ಟು ಒಬ್ಬರ ಕೈಗೆ ಒಪ್ಪಿಸಿದ ವಸ್ತುವೇ ಉಪನಿಧಿ. ಅದನ್ನು ಒಪ್ಪಿಸಿದಂತೆಯೇ ಹಿಂದಿರುಗಿಸಬೇಕೆಂಬುದು ವಿಧಿ. ಅರಸನು ಸೆಳೆದುಕೊಂಡರೆ, ದೈವದಿಂದ ನಷ್ಟವಾದರೆ, ಕಳ್ಳರು ಕದ್ದರೆ, ಇಟ್ಟುಕೊಂಡವನು ತೆರಬೇಕಾದುದಿಲ್ಲವೆಂದೂ ಆ ಸ್ಮೃತಿಯು ಹೇಳುತ್ತದೆ. ಕಾರ್ಯದರ್ಶಿಗಳು ತಮ್ಮ ತಿಜೋರಿಯ ವಿಷಯದಲ್ಲಿ ನಡೆಯುತ್ತಿದ್ದುದು ಈ ಧರ್ಮದಂತೆಯೇ. ಇಟ್ಟ ಗಂಟನ್ನು ಅವರು ಇಟ್ಟಂತೆಯೇ ಕೊಟ್ಟಿದ್ದರು.

ಆದರೆ ಸುದ್ದಿಯೆಂಬ ವಸ್ತುವಿನ ಸ್ವಭಾವ ಬೇರೆ. ಬಳೆಯನ್ನು ಕದ್ದರೆ ಅದು ಇದ್ದ ಸ್ಥಳ ಬರಿದಾಗುತ್ತದೆ. ಕಳವಾದುದು ಒಡನೆ ತಿಳಿಯುತ್ತದೆ. ಖಾತೆಯ ವಿವರವನ್ನು ಕದ್ದರೆ ಅದು ಇದ್ದಲ್ಲಿಯೇ ಇರುತ್ತದೆ; ಕಳವಾದುದು ಮಾತ್ರ ತಿಂಗಳುಗಟ್ಟಲೆ ಯಾರಿಗೂ ತಿಳಿಯದಿರಬಹುದು. ಬಳೆ ಸಿಕ್ಕರೆ ಹಿಂದಕ್ಕೆ ಬರುತ್ತದೆ, ಸುದ್ದಿ ಬಾರದು. ಆದುದರಿಂದಲೇ ಹೊಸ ಕಾಯಿದೆಯು ಕಳ್ಳನು ಬಂದನೆಂಬ ಮಾತ್ರದಿಂದ ಕಾವಲುಗಾರನನ್ನು ಬಿಡುವುದಿಲ್ಲ. ಯುಕ್ತವಾದ ರಕ್ಷಣೋಪಾಯಗಳನ್ನು ಕೈಕೊಂಡಿದ್ದನೇ ಎಂದು ಕೇಳುತ್ತದೆ. ಕೈಕೊಳ್ಳದಿದ್ದರೆ ೨೫೦ ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಬಹುದಾಗಿದೆ. ವಿವರಗಳು ಸೋರಿದರೆ ಕಾಯಿದೆಯ ಮಂಡಲಿಗೆ ಮಾತ್ರವಲ್ಲ, ಯಾರ ವಿವರ ಸೋರಿತೋ ಅವರಿಗೂ ತಿಳಿಸತಕ್ಕದ್ದು. ಮಂಡಲಿಗೆ ಸವಿಸ್ತಾರ ವರದಿಯನ್ನು ೭೨ ಗಂಟೆಗಳೊಳಗಾಗಿ ಕೊಡತಕ್ಕದ್ದು. ಯಂತ್ರದ ಲೆಕ್ಕವನ್ನು ಹೊರಗಿನ ಸಂಸ್ಥೆಯೊಂದಕ್ಕೆ ಒಪ್ಪಿಸಿದರೂ ಹೊಣೆ ಒಪ್ಪಿಸಿದವರದೇ. ಈ ನಿಯಮಗಳು ೨೦೨೫ರ ನವೆಂಬರಿನಲ್ಲಿ ಪ್ರಕಟವಾದುವು. ಮುಖ್ಯವಾದ ಕಟ್ಟುಪಾಡುಗಳಿಗೆ ಅಣಿಯಾಗಲು ಅಂದಿನಿಂದ ಹದಿನೆಂಟು ತಿಂಗಳ ಅವಧಿಯನ್ನು ಕೊಟ್ಟಿದೆ. ಪರರ ವಿವರಗಳನ್ನು ಹಿಡಿದಿರುವವನಿಗೆ ಕಾಯಿದೆಯ ಆಂಗ್ಲ ಪಾಠವು ಇಟ್ಟ ಹೆಸರು ‘ಫಿಡೂಷಿಯರಿ’ ಎಂದು. ವಿಶ್ವಾಸದ ಮೇಲೆ ಪರರ ಸೊತ್ತನ್ನು ಹಿಡಿದಿರುವವನೆಂದು ಅದರ ತಾತ್ಪರ್ಯ. ಸ್ಮೃತಿಯ ಮಾತೂ ಕಾಯಿದೆಯ ಮಾತೂ ಇಲ್ಲಿ ಒಂದೆಡೆ ಬಂದು ಕೂಡುತ್ತವೆ.

ಶೇಂಗಾದ ಪೊಟ್ಟಣವು ಈ ಕಾಯಿದೆಯ ಹಿಡಿತಕ್ಕೆ ಬರುವುದೋ ಇಲ್ಲವೋ ಎಂಬುದು ವಕೀಲರು ವಾದಿಸಬಹುದಾದ ವಿಷಯ. ಏಕೆಂದರೆ ಕಾಯಿದೆಯ ದೃಷ್ಟಿಯಿರುವುದು ಯಂತ್ರದಲ್ಲಿ ಸೇರಿದ ವಿವರಗಳ ಮೇಲೆ. ಮಂಡಳಿಯ ಸದಸ್ಯರೊಬ್ಬರು ಈ ಮಾತನ್ನೆತ್ತಿ, “ಕಾಗದಕ್ಕೆ ದಂಡವಿಲ್ಲ, ಚಿಂತೆಯಿಲ್ಲ,” ಎಂದು ಸಮಾಧಾನ ಹೇಳಿದರು. ಕಾರ್ಯದರ್ಶಿಗಳಿಗೆ ಅದರಿಂದ ಸಮಾಧಾನವಾಗಲಿಲ್ಲ. ಆಕೆ ಬಳೆಗಳನ್ನಿಟ್ಟಾಗ ಕಾಯಿದೆಯನ್ನು ನೋಡಿ ಇಟ್ಟವಳಲ್ಲ. ಇಂಥವರು ಬಾಯಿ ಬಿಡುವವರಲ್ಲವೆಂದು ಕೇಳಿ ಬಂದವಳು.

ಕೋಟೆ ಸೂರೆಹೋದ ಮೇಲೆ ದಿಡ್ಡಿಯ ಬಾಗಿಲು ಹಾಕಿದರೆಂದು ಗಾದೆಯಿದೆ. ಹಾಕಿದವರನ್ನು ಜನ ನಗುತ್ತಾರೆ. ಆದರೂ ಹಾಕದೆ ಬಿಡುವುದಕ್ಕಿಂತ ಅದು ಲೇಸು. ಕಾರ್ಯದರ್ಶಿಗಳು ಮೊದಲು ಮೇಜಿನ ಗಾಜಿನಡಿಯ ಚೀಟಿಯನ್ನು ತೆಗೆದರು. ಆರು ಮಂದಿಗೆ ಆರು ಪಾಸ್‌ವರ್ಡುಗಳಾದುವು. ಅದರ ಮೇಲೆ ಕೈಫೋನಿಗೆ ಬರುವ ಸಂಖ್ಯೆಯನ್ನೂ ಒತ್ತಿದ ಹೊರತು ಲೆಕ್ಕ ತೆರೆಯದಂತಾಯಿತು. ಇದು ತಿಜೋರಿಯ ಎರಡನೆಯ ಕೀಲಿಯೇ ಅಲ್ಲವೇ ಎಂದು ಖಜಾಂಚಿಯು ಅಂದಾಗ, ಅವರು ಇಷ್ಟು ದಿನ ತಮಗೆ ಹೊಳೆಯದೆ ಹೋಯಿತಲ್ಲ ಎಂದು ತಲೆದೂಗಿದರು. ಠೇವಣಿಯ ಗುಮಾಸ್ತೆಗೆ ಸಾಲದ ಖಾತೆ ಕಾಣಿಸದಂತೆಯೂ, ಯಾರು ಯಾವ ಖಾತೆಯನ್ನು ನೋಡಿದರೆಂಬುದು ತಾನಾಗಿಯೇ ದಾಖಲೆಯಾಗುವಂತೆಯೂ ಏರ್ಪಾಡಾಯಿತು. ಆಧಾರಿನ ಪ್ರತಿಗಳಲ್ಲಿ ಮೊದಲಿನ ಎಂಟು ಅಂಕಿಗಳನ್ನು ಮರೆಮಾಡಿ ಕೊನೆಯ ನಾಲ್ಕನ್ನು ಮಾತ್ರ ಉಳಿಸುವ ಪದ್ಧತಿ ಬಂದಿತು. ಕೈಫೋನುಗಳಲ್ಲಿದ್ದ ಚಿತ್ರಗಳನ್ನು ಅವರು ಎದುರಿಗೆ ಕೂತು ಅಳಿಸಿಸಿದರು.

ಲೆಕ್ಕದ ಎರಡನೆಯ ಪ್ರತಿಯ ವಿಷಯದಲ್ಲಿ ಅವರಿಗೆ ಇನ್ನೊಂದು ಪಾಠವೂ ದೊರೆಯಿತು. ೨೦೨೪ರ ಜುಲೈ ಕೊನೆಯಲ್ಲಿ, ಸಣ್ಣ ಬ್ಯಾಂಕುಗಳಿಗೆ ಯಂತ್ರಸೇವೆ ಒದಗಿಸುವ ಒಂದು ಸಂಸ್ಥೆಯ ಲೆಕ್ಕಕ್ಕೆ ದುಷ್ಕರ್ಮಿಗಳು ಬೀಗ ಜಡಿದುದರಿಂದ, ದೇಶದ ಸುಮಾರು ೩೦೦ ಸಣ್ಣ ಬ್ಯಾಂಕುಗಳ ಹಣದ ಪಾವತಿ ತಾತ್ಕಾಲಿಕವಾಗಿ ನಿಂತಿತ್ತು. ಆ ಬ್ಯಾಂಕುಗಳೇ ತಪ್ಪು ಮಾಡಿದುವೆಂದಲ್ಲ. ಅವರ ಕೀಲಿ ಇನ್ನೊಬ್ಬರ ಕೈಯಲ್ಲಿತ್ತು. ಇದನ್ನು ನೆನೆದು ಕಾರ್ಯದರ್ಶಿಗಳು ಸಂಘದ ಲೆಕ್ಕದ ಪ್ರತಿಯೊಂದನ್ನು ಜಾಲಕ್ಕೆ ಸೇರಿಸದೆ ಬೇರೆ ಕಟ್ಟಡದಲ್ಲಿ ಇರಿಸಿದರು. ಅಷ್ಟಕ್ಕೆ ನಿಲ್ಲದೆ, ಆ ಪ್ರತಿಯಿಂದ ಲೆಕ್ಕವನ್ನು ಹಿಂದಕ್ಕೆ ತರಲಾಗುವುದೇ ಎಂದು ಒಂದು ಭಾನುವಾರ ಪರೀಕ್ಷಿಸಿದರು. ಮೊದಲ ಸಲ ಬರಲಿಲ್ಲ. ಪ್ರತಿಯೇನೋ ಇದ್ದಿತು, ಅದು ಎಂಟು ತಿಂಗಳಿಂದ ಖಾಲಿಯಾಗಿ ತಯಾರಾಗುತ್ತಿತ್ತು. ಆ ಪ್ರಶ್ನೆಗೂ ಅವರು ‘ಹೌದು’ ಎಂದೇ ಬರೆದಿದ್ದರು.

ಈ ಸುಧಾರಣೆಗಳಿಗೆ ತಗಲಿದ ವೆಚ್ಚವು ಅಷ್ಟೇನೂ ದೊಡ್ಡದಲ್ಲ. ಪಾಸ್‌ವರ್ಡು ಬೇರೆ ಮಾಡಲು ಕಾಸು ಬೇಡ. ಅಂಕಿಗಳನ್ನು ಮರೆಮಾಡಲು ಕಾಸು ಬೇಡ. ಕಾಗದ ಹರಿಯುವ ಯಂತ್ರವೊಂದಕ್ಕೆ ಮಾತ್ರ ಮಂಡಳಿಯ ಮಂಜೂರಾತಿ ಬೇಕಾಯಿತು. ದುಬಾರಿಯಾದುದು ಬೇರೆಯೇ. ಮರುವರ್ಷ ಅದೇ ಪ್ರಶ್ನಾವಳಿ ಬಂದಾಗ ಕಾರ್ಯದರ್ಶಿಗಳು ಒಂದೊಂದು ಪ್ರಶ್ನೆಯ ಮುಂದೆಯೂ ಎದ್ದು ಹೋಗಿ ನೋಡಿ ಬಂದು ಬರೆದರು. ಮುಗಿಸುವುದಕ್ಕೆ ಒಂಬತ್ತು ದಿವಸ ಹಿಡಿಯಿತು. ನಲವತ್ತರಲ್ಲಿ ಏಳಕ್ಕೆ ‘ಇಲ್ಲ’ ಎಂದು ಬರೆಯಬೇಕಾಯಿತು. ಮಂಡಳಿಯ ಸಭೆಯಲ್ಲಿ ಗದ್ದಲವೇ ಆಯಿತು: ಕೆಲಸ ಏನೂ ಆಗದಿದ್ದ ವರ್ಷ ಪ್ರಮಾಣಪತ್ರ ಬಂದಿತು, ಇಷ್ಟೆಲ್ಲ ಮಾಡಿದ ವರ್ಷ ಅದು ಬಾರದೆ ಹೋಗುವುದೆಂದರೆ ಏನು ನ್ಯಾಯ? ‘ಇಲ್ಲ’ಗಳನ್ನು ತಿದ್ದಿ ಕಳುಹಿಸೋಣವೆಂದು ಇಬ್ಬರು ಸೂಚಿಸಿದರು. ಕಾರ್ಯದರ್ಶಿಗಳು ತಿದ್ದಲು ಒಪ್ಪಲಿಲ್ಲ. ಬೇಕಾದರೆ ತಮ್ಮ ರಾಜೀನಾಮೆಯನ್ನು ಬರೆದುಕೊಡುವುದಾಗಿ ಹೇಳಿದರು. ಬಹಳ ಹೊತ್ತು ಚರ್ಚೆ ನಡೆದು, ಪಟ್ಟಿಯನ್ನು ಇದ್ದಂತೆಯೇ ಕಳುಹಿಸಲು ಒಂದು ಮತದ ಆಧಿಕ್ಯದಿಂದ ನಿರ್ಣಯವಾಯಿತು.

ಕಟ್ಟಳೆಯನ್ನು ಪಾಲಿಸುವುದಕ್ಕೂ, ಪಾಲಿಸಿದೆವೆಂದು ಬರೆಯುವುದಕ್ಕೂ ಇರುವ ಅಂತರವು ಈ ಸಣ್ಣ ಸಂಘದ ಕಥೆಯಲ್ಲಿ ಕಾಣುವಂತೆ ದೊಡ್ಡ ಸಂಸ್ಥೆಗಳಲ್ಲಿ ಅಷ್ಟು ಬೇಗ ಕಾಣದು. ಅಲ್ಲಿ ಖಾತೆಯ ಹಿಂದಿನ ಮುಖ ದೂರದಲ್ಲಿರುತ್ತದೆ; ಇಲ್ಲಿ ಅದು ಸಂತೆಯ ದಿನ ಎದುರಾಗುತ್ತದೆ. ಬರಿಯ ಸಜ್ಜನಿಕೆಯೇ ಸಾಕೆಂದು ನಂಬಿದವರ ಕೈಯಿಂದಲೂ ಗುಟ್ಟು ಜಾರಬಹುದು. ಬರಿಯ ಕಾಗದವೇ ಸಾಕೆಂದು ನಂಬಿದವರ ಕೈಯಿಂದ ಜಾರಿಯೇ ಜಾರುತ್ತದೆ. ಸಜ್ಜನಿಕೆಗೆ ಬೀಗ ಬೇಕು. ಬೀಗಕ್ಕೆ ಅದನ್ನು ಎಳೆದು ನೋಡುವ ಒಂದು ಕೈ ಬೇಕು.

ಗೋಡೆಯ ಮೇಲಿನ ಪ್ರಮಾಣಪತ್ರವನ್ನು ಕಾರ್ಯದರ್ಶಿಗಳು ತಾವೇ ಇಳಿಸಿದರು. ಅದಿದ್ದ ಕಡೆ ಸುಣ್ಣ ಮಾಸದೆ ಒಂದು ಬಿಳಿಯ ಚೌಕ ಉಳಿದಿದೆ. ಈಗ ಪ್ರತಿ ಶನಿವಾರ ಸಂಜೆ ಅವರು ವಾರದ ರದ್ದಿಯನ್ನು ಮುಂದಿಟ್ಟುಕೊಂಡು ಕಾಗದ ಹರಿಯುವ ಯಂತ್ರದ ಬಳಿ ಕೂಡುತ್ತಾರೆ. ಜವಾನನು ತಾನು ಮಾಡುವೆನೆಂದರೂ ಬಿಡುವುದಿಲ್ಲ. ಹಾಳೆಯನ್ನು ಒಳಗೆ ಬಿಡುವ ಮೊದಲು, ಅದು ಯಾರದೆಂದು ಓದದಂತೆ, ಬರಹವನ್ನು ಕೆಳಗೆ ಮಾಡಿ ಹಿಡಿಯುತ್ತಾರೆ.